ಕೊಟ್ಟಿಗೆಯ ಹಳೆ ಬೈಕು ಮತ್ತೆ ರಸ್ತೆಗೆ: ಬ್ರೇಕಿನಿಂದ ಶುರು ಮಾಡಿ

ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ ಕಡೆಯ ಹತ್ತು ಮನೆಯ ಕೊಟ್ಟಿಗೆಗೆ ಇಣುಕಿದರೆ ಒಂದರಲ್ಲಾದರೂ ಹಳೆ ಬೈಕು ಇದ್ದೇ ಇರುತ್ತದೆ. ಟ್ಯಾಂಕಿನ ಮೇಲೆ ಗೋಣಿಚೀಲ, ಹ್ಯಾಂಡಲಿಗೆ ತೂಗುಹಾಕಿದ ಹಗ್ಗ, ಸೀಟಿನ ಮೇಲೆ ಬೆಕ್ಕು. ನನಗೆ ಸಿಕ್ಕಿದ್ದು ಸೋದರಮಾವನ 1996ರ ಹೀರೋ ಹೋಂಡಾ ಸಿಡಿ 100. ಮೊಣಕಾಲು ನೋವು ಶುರುವಾದ ಮೇಲೆ ಮಾವ ಅದನ್ನು ಒಳಗೆ ತಳ್ಳಿ ನಿಲ್ಲಿಸಿದವರು, ಮತ್ತೆ ಮುಟ್ಟಿರಲಿಲ್ಲ. ಒಂಬತ್ತು ವರ್ಷ. ನನಗಾದರೆ ಬೈಕು ಓಡಿಸಲೂ ಬರುತ್ತಿರಲಿಲ್ಲ, ರಿಪೇರಿಯೂ ಗೊತ್ತಿರಲಿಲ್ಲ.

ಹಾಗಾಗಿ ಇದು ಮೆಕ್ಯಾನಿಕ್ ಬರೆದ ಲೇಖನ ಅಲ್ಲ. ಎರಡನ್ನೂ ಒಟ್ಟಿಗೆ ಕಲಿತವರ ಲೆಕ್ಕಾಚಾರ. ನಾನು ಮಾಡಿದ ದೊಡ್ಡ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲರ ಹಾಗೆ ನನಗೂ ಎಂಜಿನ್ ಸದ್ದು ಕೇಳುವ ಆಸೆ. ಹೇಗೋ ಸ್ಟಾರ್ಟ್ ಆಯಿತು. ಖುಷಿಯಲ್ಲಿ ಫಸ್ಟ್ ಗೇರ್ ಹಾಕಿ ಅಂಗಳದಲ್ಲಿ ಒಂದು ಸುತ್ತು ಹೊಡೆಯಲು ಹೊರಟೆ. ಹಿಂದಿನ ಬ್ರೇಕ್ ತುಳಿದರೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಮುಂದಿನದನ್ನು ಒತ್ತಿದರೆ ಲಿವರ್ ಹ್ಯಾಂಡಲಿಗೇ ಅಂಟಿಕೊಂಡಿತು, ಕೇಬಲ್ ತುಂಡು. ಒಣಗಲು ಹಾಕಿದ ಅಡಿಕೆಯ ಮಧ್ಯೆ ಸೀಳಿಕೊಂಡು ಹೋಗಿ ತುಳಸಿಕಟ್ಟೆಗೆ ಗುದ್ದಿ ನಿಂತೆ. ಜಗಲಿಯಲ್ಲಿ ಕೂತಿದ್ದ ಮಾವ ಎಲೆಯಡಿಕೆ ಉಗುಳಿ ಬಂದು ಹೇಳಿದ್ದು ಇಷ್ಟೇ: "ಕೂಸೇ, ಸುರುವಿಂಗೆ ನಿಲ್ಲುಸಲೆ ಕಲಿ. ಓಡುಸುದು ಮತ್ತೆ."

ಆ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ. ಮೊದಲು ಕಾಗದ, ಆಮೇಲೆ ಬ್ರೇಕ್, ಅದಾದ ಮೇಲೆ ಎಂಜಿನ್. ಬಣ್ಣ ಕೊನೆಗೆ, ಅದೂ ಬೇಕಿದ್ದರೆ.

ಯಾವ ಬೈಕು, ಯಾವ ಕಾಲ

ಹೊಸಬರಿಗೆ ನನ್ನ ಸಲಹೆ: ನೂರು ಸಿಸಿಯ ಫೋರ್ ಸ್ಟ್ರೋಕ್ ಬೈಕು. ಸಿಡಿ 100 ನಮ್ಮ ದೇಶಕ್ಕೆ ಬಂದದ್ದು 1985ರಲ್ಲಿ, ಸ್ಪ್ಲೆಂಡರ್ 1994ರಲ್ಲಿ. ಎರಡರದ್ದೂ 97.2 ಸಿಸಿ ಎಂಜಿನ್. ಆ ಮನೆತನದ ಎಂಜಿನ್ ಇವತ್ತಿಗೂ ರಸ್ತೆಯಲ್ಲಿದೆ. ಹಾಗಾಗಿ ಬ್ರೇಕ್ ಶೂ, ಕೇಬಲ್, ಕ್ಲಚ್ ಪ್ಲೇಟ್ ಇಂಥವು ಕುಂಬಳೆ, ಉಪ್ಪಳದಂಥ ಪೇಟೆಯಲ್ಲೂ ಸಿಗುತ್ತವೆ.

ಯೆಜ್ಡಿ, ಆರ್‌ಎಕ್ಸ್ 100 ಮೇಲೆ ಮೋಹ ಇರುವವರು ಜಾಸ್ತಿ, ನನಗೂ ಇದೆ. ಯೆಜ್ಡಿ ಮೈಸೂರಿನಲ್ಲೇ ತಯಾರಾದ ಗಾಡಿ ಎನ್ನುವ ಅಭಿಮಾನ ಬೇರೆ. ಆದರೆ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆರ್‌ಎಕ್ಸ್ 100 ನಿಂತದ್ದೂ ಅದೇ ವರ್ಷ. ಬಿಡಿಭಾಗ ಹುಡುಕುವುದೇ ಒಂದು ಉದ್ಯೋಗ ಆಗುತ್ತದೆ, ಸಿಕ್ಕಿದ್ದರಲ್ಲಿ ನಕಲಿ ಎಷ್ಟು ಅಸಲಿ ಎಷ್ಟು ಅಂತ ಹೊಸಬರಿಗೆ ತಿಳಿಯುವುದಿಲ್ಲ. ಎರಡನೆಯ ಬೈಕಾಗಿ ಇಟ್ಟುಕೊಳ್ಳಿ.

ಕಾಲದ ವಿಷಯ. ಮಳೆಗಾಲದಲ್ಲಿ ಶುರು ಮಾಡಬೇಡಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಊರು ನಮ್ಮದು. ಬೆಳಿಗ್ಗೆ ಉಜ್ಜಿ ಬೆಳ್ಳಗೆ ಮಾಡಿದ ಕಬ್ಬಿಣ ಸಂಜೆಗೆ ಕೆಂಪಾಗುತ್ತದೆ. ದೀಪಾವಳಿ ಕಳೆದ ಮೇಲೆ ಕೈಹಾಕಿ ಪತ್ತನಾಜೆಯೊಳಗೆ (ಮೇ ಕೊನೆಗೆ ಬರುವ ತುಳುನಾಡಿನ ದಿನ) ಮುಗಿಸುವ ಲೆಕ್ಕ ಇಟ್ಟುಕೊಂಡರೆ ಸರಿ. ಅಂಗಳ ಮಾತ್ರ ಆಗ ಅಡಿಕೆಗೆ ಬೇಕು. ಬೈಕಿಗೆ ಬೇರೆ ಮೂಲೆ ನೋಡಿಕೊಳ್ಳಿ.

ಸ್ಪ್ಯಾನರ್ ಎತ್ತುವ ಮೊದಲು ಆರ್‌ಸಿ

ಹಣ ಹಾಕಿ ರಿಪೇರಿ ಮಾಡಿ ಆಮೇಲೆ ಕಾಗದ ಸರಿಯಿಲ್ಲ ಅಂತ ಗೊತ್ತಾದರೆ ಅಳುವುದಕ್ಕೂ ಆಗುವುದಿಲ್ಲ. ಹ್ಯಾಂಡಲಿನ ಕೆಳಗೆ, ಚಾಸಿಯ ಕುತ್ತಿಗೆಯ ಹತ್ತಿರ ಕೊರೆದ ಚಾಸಿ ನಂಬರ್ ಇರುತ್ತದೆ. ಎಂಜಿನ್ ಮೇಲೆ ಎಂಜಿನ್ ನಂಬರ್. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಮೇಲೆ ಸೀಮೆಸುಣ್ಣ ತಿಕ್ಕಿದರೆ ಅಕ್ಷರ ಎದ್ದು ಕಾಣುತ್ತದೆ. ಎರಡೂ ಆರ್‌ಸಿಯಲ್ಲಿ (ನೋಂದಣಿ ಪತ್ರ) ಇದ್ದ ಹಾಗೇ ಇರಬೇಕು. ಪರಿವಾಹನ್ ಜಾಲತಾಣದಲ್ಲಿ ಬೈಕಿನ ನಂಬರ್ ಹಾಕಿ ದಾಖಲೆ ಈಗಲೂ ಜೀವಂತ ಇದೆಯಾ ನೋಡಿ.

ಸ್ವಂತ ವಾಹನದ ಆರ್‌ಸಿಗೆ 15 ವರ್ಷ ಆಯುಷ್ಯ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಅದಕ್ಕೆ ಫಾರ್ಮ್ 25. ತಡವಾದದ್ದಕ್ಕೆ ದಂಡ, ಬಾಕಿ ತೆರಿಗೆ ಎರಡೂ ಸೇರುತ್ತವೆ. ಹಾಗಾಗಿ ಬೈಕು ಬಿಚ್ಚುವ ಮೊದಲೇ ಕಾಸರಗೋಡಿನ ಆರ್‌ಟಿಒ ಕಚೇರಿಗೆ ಹೋಗಿ ಒಟ್ಟು ಎಷ್ಟಾಗುತ್ತದೆ ಅಂತ ಕೇಳಿಕೊಂಡು ಬನ್ನಿ. (ಅರ್ಜಿ ಇಂಗ್ಲಿಷಿನಲ್ಲಿ, ಮಾತುಕತೆ ಮಲಯಾಳದಲ್ಲಿ, ಹೊರಗೆ ಬಂದು ಗೊಣಗುವುದು ಕನ್ನಡದಲ್ಲಿ. ನಮಗೆ ಇದು ಹೊಸತಲ್ಲ.) ಹಳೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರುವುದುಂಟು. ಸಾಲ ತೀರಿ ಇಪ್ಪತ್ತು ವರ್ಷ ಆಗಿದ್ದರೂ ಬ್ಯಾಂಕಿನ ಸಹಿ ಇರುವ ಫಾರ್ಮ್ 35 ಕೊಡದೆ ಆ ಹೆಸರು ಹೋಗುವುದಿಲ್ಲ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ಮಾಡಲು ಫಾರ್ಮ್ 31.

ಗಡಿಯವರ ಗೋಳು ಬೇರೆಯೇ. ಪುತ್ತೂರು, ವಿಟ್ಲದಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಕೆಎ 19, ಕೆಎ 21 ನಂಬರಿನ ಬೈಕು ತರುವವರು ಇಲ್ಲಿ ತುಂಬ. ಗಡಿಯ ಸಾರಡ್ಕ ದಾಟಿದರೆ ರಾಜ್ಯ ಬದಲಾಯಿತು. ಬೇರೆ ರಾಜ್ಯದ ವಾಹನ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಉಳಿದರೆ ಇಲ್ಲಿನ ನಂಬರ್ ಮಾಡಿಸಲೇಬೇಕು, ಅದಕ್ಕೆ ಅಲ್ಲಿನ ಕಚೇರಿಯ ಎನ್‌ಒಸಿ (ಆಕ್ಷೇಪ ಇಲ್ಲ ಎನ್ನುವ ಪತ್ರ) ಬೇಕು. ಮೂರು ಕೈ ದಾಟಿ ಬಂದ, ಮೊದಲ ಮಾಲೀಕ ಎಲ್ಲಿದ್ದಾನೆಂದೇ ಗೊತ್ತಿಲ್ಲದ ಬೈಕನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ನಾನಂತೂ ಮುಟ್ಟುವುದಿಲ್ಲ. ಕೆಎಲ್ 14 ನಂಬರಿನ, ಪರಿಚಯದವರ ಮನೆಯ ಬೈಕೇ ಹುಡುಕಿ.

ಬಿಚ್ಚುವ ಮೊದಲು

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. 8, 10, 12, 14, 17 ನಂಬರಿನ ಸ್ಪ್ಯಾನರ್, ಅದೇ ಅಳತೆಯ ಒಂದೆರಡು ಟೀ ಸ್ಪ್ಯಾನರ್, ಪ್ಲಗ್ ಸ್ಪ್ಯಾನರ್, ಸಣ್ಣ ಸಂದು ಅಳೆಯುವ ಫೀಲರ್ ಗೇಜ್, ವೈರ್ ಬ್ರಷ್, ತುಕ್ಕು ಬಿಡಿಸುವ ಸ್ಪ್ರೇ, ಗ್ರೀಸ್. ಸ್ಕ್ರೂಡ್ರೈವರ್ ಮಾತ್ರ ಒಳ್ಳೆಯದು ತನ್ನಿ. ಈ ಬೈಕುಗಳ ಎಂಜಿನ್ ಕವರಿನ ಪ್ಲಸ್ ಸ್ಕ್ರೂಗಳು ಜಪಾನಿ ಅಳತೆಯವು. ಸಾಧಾರಣ ಸ್ಕ್ರೂಡ್ರೈವರ್ ಅದರ ತಲೆಯನ್ನು ನುಣ್ಣಗೆ ಮಾಡಿಬಿಡುತ್ತದೆ. ಗಟ್ಟಿ ಕೂತಿದ್ದರೆ ಸುತ್ತಿಗೆಯಲ್ಲಿ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಇದೆಯಲ್ಲ, ಅದನ್ನು ಯಾರ ಹತ್ತಿರವಾದರೂ ಒಂದು ದಿನಕ್ಕೆ ತನ್ನಿ.

ಪ್ರತಿ ಭಾಗ ಬಿಚ್ಚುವ ಮೊದಲು ಫೋನಿನಲ್ಲಿ ಫೋಟೋ. ಒಂದಲ್ಲ, ಮೂರು ಕಡೆಯಿಂದ. ಬೋಲ್ಟ್‌ಗಳನ್ನು ಇಡಲು ನನಗೆ ಒದಗಿದ್ದು ಅಡಿಕೆ ಹಾಳೆಯ ತಟ್ಟೆ. ಮನೆಯಲ್ಲಿ ಬಿದ್ದಿರುತ್ತದಲ್ವಾ. ಒಂದು ತಟ್ಟೆಗೆ ಒಂದು ಭಾಗದ ಬೋಲ್ಟ್ ಮಾತ್ರ, ಅಂಚಿನಲ್ಲಿ ಪೆನ್ನಿನಿಂದ "ಹಿಂದಿನ ಚಕ್ರ", "ಕಾರ್ಬ್ಯುರೇಟರ್" ಅಂತ ಬರೆಯಿರಿ. ಕೋಳಿ ಸಾಕುವ ಮನೆಯಾದರೆ ತಟ್ಟೆಯನ್ನು ಎತ್ತರದಲ್ಲಿಡಿ. ನನ್ನ ಒಂದು ಸಣ್ಣ ಲಾಕ್ ಕ್ಲಿಪ್ ಎಲ್ಲಿ ಹೋಯಿತು ಅಂತ ಇವತ್ತಿಗೂ ಅನುಮಾನ ಕೋಳಿಯ ಮೇಲೆಯೇ.

ಇನ್ನೊಂದು ಮಾತು. ಇಲ್ಲಿನ ಮನೆಗಳಲ್ಲಿ ಬಚ್ಚಲೊಲೆ ಬೆಳಗಾತ ಉರಿಯುತ್ತಿರುತ್ತದೆ, ಕೊಟ್ಟಿಗೆ ಅದರ ಪಕ್ಕದಲ್ಲೇ. ಪೆಟ್ರೋಲಿನ ಆವಿ ನೆಲದ ಮೇಲೇ ಹರಿದು ದೂರದ ಬೆಂಕಿಯನ್ನೂ ಹುಡುಕಿಕೊಂಡು ಹೋಗುತ್ತದೆ. ಟ್ಯಾಂಕ್ ಖಾಲಿ ಮಾಡುವುದು, ಕಾರ್ಬ್ಯುರೇಟರ್ ತೊಳೆಯುವುದು ಎಲ್ಲ ಬಯಲಲ್ಲಿ, ಒಲೆ ಆರಿದ ಮೇಲೆ. ಭಾಗಗಳ ಜಿಡ್ಡು ತೆಗೆಯಲು ಪೆಟ್ರೋಲ್ ಬೇಡ, ಡೀಸೆಲ್ ಅಥವಾ ಸೀಮೆಎಣ್ಣೆ ಸಾಕು.

ಬ್ರೇಕ್

ಈ ಬೈಕುಗಳಲ್ಲಿ ಎರಡೂ ಕಡೆ ಡ್ರಮ್ ಬ್ರೇಕ್. ಒಳಗೆ ಅರ್ಧಚಂದ್ರದ ಹಾಗಿರುವ ಎರಡು ಶೂ, ಅವುಗಳ ನಡುವೆ ತಿರುಗುವ ಒಂದು ಕ್ಯಾಮ್, ಎಳೆದು ಹಿಡಿಯುವ ಎರಡು ಸ್ಪ್ರಿಂಗ್. ಇಷ್ಟೇ. ಲಿವರ್ ಒತ್ತಿದಾಗ ಕ್ಯಾಮ್ ತಿರುಗಿ ಶೂಗಳನ್ನು ಅಗಲಿಸುತ್ತದೆ, ಅವು ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲುತ್ತದೆ. ವರ್ಷಗಟ್ಟಲೆ ನಿಂತ ಬೈಕಿನಲ್ಲಿ ಮೊದಲು ಹಿಡಿದುಕೊಳ್ಳುವುದು ಆ ಕ್ಯಾಮ್. ಮಾವನ ಬೈಕಿನ ಪೆಡಲ್ ಗಟ್ಟಿಯಾಗಿದ್ದದ್ದೂ ಅದಕ್ಕೇ.

ಬೈಕನ್ನು ನಡುಸ್ಟ್ಯಾಂಡಿಗೆ ಹಾಕಿ ಚಕ್ರ ಬಿಚ್ಚಿ. ಬ್ರೇಕ್ ಪ್ಲೇಟ್ ಹೊರಗೆ ಬಂದಾಗ ಒಳಗಿನ ಧೂಳನ್ನು ಬಾಯಿಂದ ಊದಬೇಡಿ. ಹಳೆಯ ಶೂಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನೇ ಎಸೆಯಿರಿ. ಶೂಗಳನ್ನು ತೆಗೆದು ಕ್ಯಾಮನ್ನು ಹೊರಗೆಳೆಯಿರಿ. ಬರದಿದ್ದರೆ ಸ್ಪ್ರೇ ಹೊಡೆದು ರಾತ್ರಿ ಬಿಡಿ, ಬೆಳಿಗ್ಗೆ ಮರದ ತುಂಡು ಇಟ್ಟು ಮೆಲ್ಲಗೆ ಬಡಿಯಿರಿ. ಕ್ಯಾಮಿನ ಕೋಲನ್ನು ನಯವಾದ ಉಪ್ಪುಕಾಗದದಲ್ಲಿ ಉಜ್ಜಿ ತೆಳ್ಳಗೆ ಗ್ರೀಸ್ ಹಚ್ಚಿ. ತೆಳ್ಳಗೆ ಅಂದರೆ ದೋಸೆ ಕಾವಲಿಗೆ ಎಣ್ಣೆ ಒರೆಸಿದಷ್ಟು. ಹೆಚ್ಚಾದರೆ ಬಿಸಿಗೆ ಕರಗಿ ಶೂ ಮೇಲೆ ಇಳಿಯುತ್ತದೆ, ಆಮೇಲೆ ಬ್ರೇಕೇ ಇಲ್ಲ.

ಶೂಗಳನ್ನು ಹೊಸತೇ ಹಾಕಿ. ಹಳೆಯದು ದಪ್ಪವಾಗಿಯೇ ಕಾಣಬಹುದು. ಆದರೆ ಅಂಟಿಸಿದ ಲೈನಿಂಗ್ ವರ್ಷಗಟ್ಟಲೆ ತೇವದಲ್ಲಿ ಕೂತರೆ ಬಿಟ್ಟುಕೊಳ್ಳುತ್ತದೆ. ಓಡುವಾಗ ಕಳಚಿದರೆ ಚಕ್ರವೇ ಹಿಡಿದುಕೊಳ್ಳಬಹುದು. ಡ್ರಮ್ಮಿನ ಒಳಗಿನ ತುಕ್ಕನ್ನು ಉಪ್ಪುಕಾಗದದಲ್ಲಿ ಉಜ್ಜಿ. ಕೇಬಲ್‌ಗಳೂ ಹೊಸತು. ಬ್ರೇಕ್, ಕ್ಲಚ್, ಆಕ್ಸಿಲರೇಟರ್ ಮೂರನ್ನೂ ಒಟ್ಟಿಗೆ ಬದಲಿಸಿ.

ತಿರುಗಿ ಜೋಡಿಸುವಾಗ ಎರಡು ಕಡೆ ಎಚ್ಚರ. ಮುಂದಿನ ಬ್ರೇಕ್ ಪ್ಲೇಟಿನಲ್ಲಿ ಒಂದು ಕಚ್ಚು ಇದೆ, ಫೋರ್ಕಿನ ಮೂಗು ಅದರೊಳಗೆ ಸರಿಯಾಗಿ ಕೂರಬೇಕು. ಹಿಂದಿನ ಬ್ರೇಕ್ ಪ್ಲೇಟನ್ನು ಹಿಡಿದುಕೊಳ್ಳುವ ಒಂದು ಉದ್ದ ಪಟ್ಟಿ ಇದೆ, ಅದರ ಬೋಲ್ಟ್, ನಟ್, ಪಿನ್ ಮೂರೂ ಬೇಕು. ಇವು ಇಲ್ಲದಿದ್ದರೆ ಬ್ರೇಕ್ ಹಿಡಿದ ಕೂಡಲೇ ಇಡೀ ಪ್ಲೇಟ್ ಚಕ್ರದ ಜತೆ ತಿರುಗಿ ಎಲ್ಲ ಹರಿದುಹಾಕುತ್ತದೆ. ಕೊನೆಗೆ ಅಡ್ಜಸ್ಟ್ ಮಾಡಿ: ಮುಂದಿನ ಲಿವರಿನ ತುದಿಯಲ್ಲಿ 10ರಿಂದ 20 ಮಿಲಿಮೀಟರ್, ಹಿಂದಿನ ಪೆಡಲಿಗೆ 20ರಿಂದ 30 ಮಿಲಿಮೀಟರ್ ಸಡಿಲ ಇರಬೇಕು. ಎರಡೂ ಚಕ್ರ ಕೈಯಲ್ಲಿ ತಿರುಗಿಸಿದರೆ ಉಜ್ಜದೆ ತಿರುಗಬೇಕು.

ಪರೀಕ್ಷೆ ಮಾಡಲು ಎಂಜಿನ್ ಬೇಕಾಗಿಯೇ ಇಲ್ಲ. ನಮ್ಮಲ್ಲಿ ಮನೆಯಿಂದ ಗೇಟಿಗೆ ಇಳಿಜಾರು ಇಲ್ಲದ ಜಾಗ ಎಲ್ಲಿದೆ ಹೇಳಿ. ಹೆಲ್ಮೆಟ್ ಹಾಕಿ, ನ್ಯೂಟ್ರಲ್‌ನಲ್ಲಿ ಸುಮ್ನೆ ಉರುಳಲು ಬಿಟ್ಟು, ಮೊದಲು ಹಿಂದಿನದು, ಆಮೇಲೆ ಮುಂದಿನದು, ಆಮೇಲೆ ಎರಡೂ ಒಟ್ಟಿಗೆ ಹಿಡಿದು ನೋಡಿ. ಹತ್ತಾರು ಸಲ ಮಾಡಿ. ನನಗೆ ಬೈಕಿನ ಭಾರ ಕೈಗೆ ಹತ್ತಿದ್ದು, ಕಾಲು ಯಾವಾಗ ಊರಬೇಕು ಅಂತ ತಿಳಿದದ್ದು ಈ ಉರುಳಾಟದಲ್ಲೇ.

ಟೈರ್, ಚೈನ್, ಕೋನ್‌ಸೆಟ್

ಚಕ್ರ ಬಿಚ್ಚಿದ್ದೀರಲ್ಲ, ಟೈರ್ ಕೂಡ ಈಗಲೇ ನೋಡಿ. ಟೈರಿನ ಬದಿಯಲ್ಲಿ ನಾಲ್ಕು ಅಂಕೆ ಒತ್ತಿರುತ್ತದೆ. 2315 ಅಂತಿದ್ದರೆ 2015ನೇ ಇಸವಿಯ 23ನೇ ವಾರ ತಯಾರಾದದ್ದು. ಗೀರು ಎಷ್ಟೇ ಆಳ ಇದ್ದರೂ ಹಳೆ ರಬ್ಬರ್ ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಟೈರು, ಟ್ಯೂಬು, ಒಳಗಿನ ರಿಮ್ ಪಟ್ಟಿ ಮೂರನ್ನೂ ಬದಲಿಸಿ. ಇಡೀ ಕೆಲಸದಲ್ಲಿ ದೊಡ್ಡ ಖರ್ಚು ಇದೇ. ಇಲ್ಲಿ ಉಳಿಸಲು ಹೋಗಬೇಡಿ. ಒಬ್ಬರೇ ಹೋಗುವುದಾದರೆ ಗಾಳಿ ಮುಂದೆ 25, ಹಿಂದೆ 28. ರಿಮ್ ಓಲಾಡಿದರೆ ಚಕ್ರದ ಕಡ್ಡಿ (ಸ್ಪೋಕ್) ಬಿಗಿಯುವವರ ಹತ್ತಿರ ಕೊಡಿ. ಅದು ನಮ್ಮ ಕೈಯ ಕೆಲಸ ಅಲ್ಲ.

ಚೈನ್ ಮತ್ತು ಎರಡು ಸ್ಪ್ರಾಕೆಟ್ ಒಂದು ಸೆಟ್ಟಾಗಿ ಬರುತ್ತವೆ. ಹಲ್ಲು ಬಾಗಿ ಮೀನಿನ ಗಾಳದ ಹಾಗೆ ಆಗಿದ್ದರೆ ಸೆಟ್ ಪೂರ್ತಿ ಬದಲಿಸಿ. ಚೈನಿನ ಲಾಕ್ ಕ್ಲಿಪ್ಪಿನ ಮುಚ್ಚಿದ ತಲೆ ಚೈನ್ ಓಡುವ ದಿಕ್ಕಿಗೆ ಇರಬೇಕು, ಬಾಯಿ ಹಿಂದಕ್ಕೆ. ನಡುವೆ ಬೆರಳಿನಲ್ಲಿ ಎತ್ತಿದರೆ ಎರಡರಿಂದ ಎರಡೂವರೆ ಸೆಂಟಿಮೀಟರ್ ಆಡಬೇಕು.

ಮುಂದಿನ ಚಕ್ರ ಎತ್ತಿ ನಿಲ್ಲಿಸಿ ಹ್ಯಾಂಡಲ್ ಮೆಲ್ಲಗೆ ತಿರುಗಿಸಿ. ನಡುವೆ ಒಂದು ಕಡೆ ಟಕ್ ಅಂತ ಕೂತರೆ ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್) ಹೋಗಿದೆ. ಫೋರ್ಕಿನ ಬುಡ ಹಿಡಿದು ಹಿಂದೆ ಮುಂದೆ ಎಳೆದಾಗ ಕಟಕಟ ಅಂದರೂ ಅದೇ. ಇದನ್ನು ನಾನು ಮೆಕ್ಯಾನಿಕ್‌ಗೇ ಕೊಟ್ಟೆ.

ಪೆಟ್ರೋಲ್ ದಾರಿ

ಹಳೆ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಲು ನೋಡಬೇಡಿ. ಅದು ಕೆಟ್ಟು ವಾರ್ನಿಷ್ ಹಾಗೆ ಅಂಟಾಗಿರುತ್ತದೆ. ಟ್ಯಾಂಕ್ ಬಿಚ್ಚಿ ಖಾಲಿ ಮಾಡಿ ಒಳಗೆ ಟಾರ್ಚ್ ಬಿಡಿ. ಪುಡಿ ತುಕ್ಕಾದರೆ ನಾವೇ ತೆಗೆಯಬಹುದು, ತೂತಾಗಿದ್ದರೆ ಬೇರೆ ಟ್ಯಾಂಕ್ ಹುಡುಕಬೇಕು. ಪೆಟ್ರೋಲ್ ಕಂಡ ಟ್ಯಾಂಕಿಗೆ ನೀವೇ ಬೆಸುಗೆ ಹಾಕಲು ಹೋಗಬೇಡಿ, ಖಾಲಿ ಟ್ಯಾಂಕೇ ಸಿಡಿಯುತ್ತದೆ.

ತುಕ್ಕು ತೆಗೆಯಲು ಪಕ್ಕದ ಮನೆಯವರು ಬಿಂಬುಳಿ ರಸ ಹೇಳಿದರು, ಅತ್ತೆ ಪುನರ್ಪುಳಿ ಹೇಳಿದರು. ಹುಳಿ ತುಕ್ಕನ್ನು ತಿನ್ನುವುದು ನಿಜವೇ, ಆದರೆ ಹಣ್ಣಿನ ಸಿಪ್ಪೆ ಟ್ಯಾಂಕಿನೊಳಗೆ ಕೂತರೆ ತೆಗೆಯುವವರು ಯಾರು? ನಾನು ಹಾಕಿದ್ದು ಅಂಗಡಿಯ ಬಿಳಿ ವಿನಿಗರ್. ಪೆಟ್ರೋಲ್ ಕಾಕ್ (ಟ್ಯಾಂಕಿನ ಅಡಿಯ ನಲ್ಲಿ) ತೆಗೆದು ಆ ತೂತು ಬಿಗಿಯಾಗಿ ಮುಚ್ಚಿ, ಒಂದು ಹಿಡಿ ನಟ್‌ಗಳನ್ನು ಒಳಗೆ ಹಾಕಿ, ವಿನಿಗರ್ ತುಂಬಿಸಿ ಎರಡು ದಿನ ಇಟ್ಟೆ. ನಡುನಡುವೆ ಕುಲುಕಬೇಕು. ಆಮೇಲೆ ಚೆಲ್ಲಿ, ನಟ್ ಎಣಿಸಿ ಹೊರಗೆ ತೆಗೆದು, ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಒಮ್ಮೆ, ಬರೀ ನೀರಿನಲ್ಲಿ ಎರಡು ಸಲ ತೊಳೆದು, ಕೂಡಲೇ ಸುಡುಬಿಸಿಲಿಗೆ ಇಡಬೇಕು. ಪೂರ್ತಿ ಒಣಗಿದ ಮೇಲೆ ಸ್ವಲ್ಪ ಪೆಟ್ರೋಲ್ ಹಾಕಿ ಅಲ್ಲಾಡಿಸಿ ಅದನ್ನೂ ಚೆಲ್ಲಿ. ತಡ ಮಾಡಿದರೆ ಹೊಸ ತುಕ್ಕು ಒಂದೇ ದಿನದಲ್ಲಿ ಏಳುತ್ತದೆ.

ಕಾರ್ಬ್ಯುರೇಟರ್ ನೋಡಿ ಹೆದರಬೇಡಿ. ಕೆಳಗಿನ ಬಟ್ಟಲು ಬಿಚ್ಚಿದರೆ ಒಂದು ತೇಲುವ ಫ್ಲೋಟ್, ಅದಕ್ಕೆ ಸೂಜಿಯಂಥ ವಾಲ್ವ್, ಎರಡು ಹಿತ್ತಾಳೆ ಜೆಟ್. ಜೆಟ್ಟುಗಳ ತೂತು ಕೂದಲಿನಷ್ಟು ಸಣ್ಣದು. ಅದನ್ನು ಪಿನ್ನಿನಲ್ಲಿ ಚುಚ್ಚಬೇಡಿ, ತೂತು ದೊಡ್ಡದಾದರೆ ಪೆಟ್ರೋಲ್ ಲೆಕ್ಕ ತಪ್ಪುತ್ತದೆ. ಕಾರ್ಬ್ಯುರೇಟರ್ ಕ್ಲೀನರ್ ಹೊಡೆದು, ಬೆಳಕಿಗೆ ಹಿಡಿದು ಆಚೆ ಕಡೆ ಕಾಣುತ್ತದಾ ನೋಡಿ. ಬದಿಯ ಏರ್ ಸ್ಕ್ರೂ ತೆಗೆಯುವ ಮೊದಲು, ಅದನ್ನು ಮೆಲ್ಲಗೆ ಒಳಗೆ ತಿರುಗಿಸಿ ಎಷ್ಟು ಸುತ್ತಿಗೆ ಕೂತಿತು ಅಂತ ಬರೆದಿಡಿ. ತಿರುಗಿ ಹಾಕುವಾಗ ಅಷ್ಟೇ ಸುತ್ತು ಹೊರಗೆ ಬಿಡಿ.

ರಬ್ಬರ್ ಪೈಪು, ಓರಿಂಗ್‌ಗಳೆಲ್ಲ ಹೊಸತಾಗಲಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿಗೆ ಶೇಕಡಾ 20ರವರೆಗೆ ಎಥನಾಲ್ ಸೇರಿರುತ್ತದೆ. 1996ರ ರಬ್ಬರ್ ಅದಕ್ಕಾಗಿ ಮಾಡಿದ್ದಲ್ಲ. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ, ನಮ್ಮ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟಿನ ಮಳೆಯಲ್ಲಿ) ಕೇಳುವುದೇ ಬೇಡ. ವಾರಗಟ್ಟಲೆ ನಿಲ್ಲಿಸುವುದಾದರೆ ಕಾಕ್ ಬಂದ್ ಮಾಡಿ, ಕಾರ್ಬ್ಯುರೇಟರಿನ ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಪೆಟ್ರೋಲ್ ಇಳಿಸಿಬಿಡಿ.

ಏರ್ ಫಿಲ್ಟರ್ ಡಬ್ಬ ತೆರೆದಾಗ ನನಗೆ ಸಿಕ್ಕಿದ್ದು ಇಲಿಯ ಗೂಡು, ಅಡಿಕೆ ಸಿಪ್ಪೆಯಿಂದ ಚೆಂದ ಮಾಡಿ ಕಟ್ಟಿದ್ದು. ಫಿಲ್ಟರ್ ಹೊಸತು ಹಾಕಿದೆ. ಇಲಿ ಅಲ್ಲಿಗೇ ನಿಲ್ಲುವುದಿಲ್ಲ, ಟ್ಯಾಂಕಿನ ಅಡಿಯ ವೈರುಗಳನ್ನೂ ಒಂದೊಂದಾಗಿ ಬೆರಳಿನಲ್ಲಿ ಸವರಿ ನೋಡಿ.

ಎಂಜಿನ್ ಎಬ್ಬಿಸುವುದು

ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಎರಡು ಚಮಚ ಎಂಜಿನ್ ಆಯಿಲ್ ಬಿಡಿ. ಒಂದು ರಾತ್ರಿ ಇರಲಿ. ಆಮೇಲೆ ಕಿಕ್ಕರ್ ಅನ್ನು ಕೈಯಿಂದ ಮೆಲ್ಲಗೆ ಒತ್ತಿ. ಹಿಡಿದುಕೊಂಡಿದ್ದರೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಂದೆ ಮುಂದೆ ಅಲ್ಲಾಡಿಸಿ, ಎರಡು ಮೂರು ದಿನ ಬಿಟ್ಟು ಬಿಟ್ಟು. ಕಿಕ್ಕರಿನ ಮೇಲೆ ಹಾರಿ ನಿಲ್ಲಬೇಡಿ.

ಹಳೆ ಆಯಿಲನ್ನು ಸ್ಟಾರ್ಟ್ ಮಾಡುವ ಮೊದಲೇ ಇಳಿಸಿ. ಹಾಲು ಹಾಕಿದ ಕಾಫಿಯ ಬಣ್ಣ ಇದ್ದರೆ ಒಳಗೆ ನೀರು ಹೋಗಿದೆ ಅಂತ ಅರ್ಥ. ನಮ್ಮದು ಹಾಗೇ ಇತ್ತು. ಅಡಿಯ ಬೋಲ್ಟನ್ನು ಹಿಂದೆ ಯಾವುದೋ ವರ್ಕ್‌ಶಾಪಿನಲ್ಲಿ ಎಷ್ಟು ಬಿಗಿದಿದ್ದರೆಂದರೆ ಬಿಚ್ಚುವಾಗ ಮರೆ (ಥ್ರೆಡ್) ಸಮೇತ ಬಂತು. ಹೊಸ ಮರೆ ಕೊರೆಸಲು ಕಾಸರಗೋಡಿನ ಲೇತಿಗೆ ಅಲೆದೆ. ಅಲ್ಯೂಮಿನಿಯಂನಲ್ಲಿ ಉಕ್ಕಿನ ಬೋಲ್ಟ್ ಬಿಗಿಯುವಾಗ ನಿಮ್ಮ ಬಲ ತೋರಿಸಬೇಡಿ. 10ಡಬ್ಲ್ಯೂ30 ಆಯಿಲಿನ ಒಂದು ಡಬ್ಬ ತಂದು, ಎಲ್ಲ ಸುರಿಯದೆ, ಆಯಿಲ್ ಅಳೆಯುವ ಕಡ್ಡಿಯ ಎರಡು ಗೆರೆಯ ನಡುವೆ ಬರುವಷ್ಟು ಹಾಕಿ. ಅಳೆಯುವಾಗ ಬೈಕು ನೆಟ್ಟಗೆ ನಿಂತಿರಬೇಕು, ಕಡ್ಡಿಯನ್ನು ತಿರುಗಿಸದೆ ಸುಮ್ನೆ ಇಳಿಸಿ ನೋಡಬೇಕು. ಮೊದಲ ದಿನ ಅರ್ಧ ಗಂಟೆ ಓಡಿಸಿ ಆ ಆಯಿಲನ್ನೂ ಚೆಲ್ಲಿ ಹೊಸತು ಹಾಕಿ, ಒಳಗಿನ ಕೊಳೆ ಅದರೊಂದಿಗೆ ಹೋಗುತ್ತದೆ.

ಹೊಸ ಪ್ಲಗ್ಗಿನ ಗ್ಯಾಪ್ 0.6ರಿಂದ 0.7 ಮಿಲಿಮೀಟರ್. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿಗೆ ತಾಗುವ ಹಾಗೆ ರಬ್ಬರ್ ಹಿಡಿಯ ಕಟ್ಟಿಂಗ್ ಪ್ಲೇಯರಿನಲ್ಲಿ ಹಿಡಿದು, ಕೀ ಆನ್ ಮಾಡಿ ಇನ್ನೊಬ್ಬರ ಹತ್ತಿರ ಕಿಕ್ ಹೊಡೆಸಿ. ನೀಲಿ ಕಿಡಿ ಚಟ್ ಅಂತ ಹಾರಬೇಕು. ಆಗ ಪೆಟ್ರೋಲ್ ಟ್ಯಾಂಕ್ ಅಲ್ಲಿ ಇರಬಾರದು, ನೆನಪಿರಲಿ. ಬ್ಯಾಟರಿ ಸತ್ತಿದೆ ಅಂತ ಚಿಂತೆ ಬೇಡ, ಈ ಬೈಕುಗಳಲ್ಲಿ ಕಿಡಿಗೆ ಬೇಕಾದ ಕರೆಂಟು ಎಂಜಿನ್ ತಾನೇ ಮಾಡಿಕೊಳ್ಳುತ್ತದೆ. ಹಾರ್ನ್, ಇಂಡಿಕೇಟರಿಗೆ ಮಾತ್ರ ಬ್ಯಾಟರಿ ಬೇಕು.

ಎಲ್ಲ ಸರಿ ಇದ್ದೂ ಸ್ಟಾರ್ಟ್ ಆಗದಿದ್ದರೆ ಸೈಲೆನ್ಸರ್ ಬಾಯಿಗೆ ಕಡ್ಡಿ ಹಾಕಿ ನೋಡಿ. ನಾನು ಒಂದಿಡೀ ಭಾನುವಾರ ಕಿಕ್ ಹೊಡೆದು ಕಾಲು ಊದಿಸಿಕೊಂಡ ಮೇಲೆ ತಿಳಿದದ್ದು, ಕುಂಬಾರ ಹುಳು ಒಳಗೆ ಮಣ್ಣಿನ ಗೂಡು ಕಟ್ಟಿತ್ತು. ತಂತಿಯಲ್ಲಿ ಕುತ್ತಿ ತೆಗೆದು ಚೋಕ್ ಎಳೆದು ನಾಲ್ಕನೇ ಕಿಕ್ಕಿಗೆ ಎದ್ದಿತು. ಮೊದಲು ಹೊಗೆ ಬರುವುದು ಸಹಜ, ನೀವೇ ಬಿಟ್ಟ ಆಯಿಲ್ ಅದು. ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಕಪ್ಪು ಹೊಗೆಯಾದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ, ಕಾರ್ಬ್ಯುರೇಟರ್ ಕಡೆ ಮತ್ತೆ ನೋಡಿ. ಬೋರ್ ಕೆಲಸ, ಕ್ರ್ಯಾಂಕ್ ಕೆಲಸ ಬಂದರೆ ಹೊಸಬರು ಅಲ್ಲಿಗೆ ಸ್ಪ್ಯಾನರ್ ಕೆಳಗಿಡುವುದು ಒಳ್ಳೆಯದು.

ಬಣ್ಣದ ಆಸೆ

ಗುಜರಿ ಅಂಗಡಿಯಲ್ಲಿ, ಇಲ್ಲಿನ ಮಲಯಾಳದಲ್ಲಿ ಆಕ್ರಿ ಅನ್ನುತ್ತೇವಲ್ಲ, ಅಲ್ಲಿ ಹುಡುಕಿದರೆ ಮಡ್‌ಗಾರ್ಡ್, ಸೈಡ್ ಬಾಕ್ಸ್ ಎಲ್ಲ ಸಿಗುತ್ತದೆ. ತುಕ್ಕು ಹಿಡಿದ ಜಾಗಕ್ಕೆ ವೈರ್ ಬ್ರಷ್ ಹಾಕಿ ರೆಡ್ ಆಕ್ಸೈಡ್ ಬಳಿದು ಮೇಲೆ ಕಪ್ಪು ಹೊಡೆದರೆ ಸಾಕು. ಕ್ರೋಮ್ ಭಾಗದ ಮೇಲಿನ ತುಕ್ಕು ಚುಕ್ಕೆಗಳನ್ನು ಅಲ್ಯೂಮಿನಿಯಂ ಹಾಳೆ ನೀರಿನಲ್ಲಿ ಅದ್ದಿ ಉಜ್ಜಿದರೆ ಹೋಗುತ್ತವೆ. ಟ್ಯಾಂಕಿನ ಬಣ್ಣ ನಾನು ಮುಟ್ಟಲಿಲ್ಲ. ಬಣ್ಣವನ್ನೇ ಬದಲಾಯಿಸುವುದಾದರೆ ಆರ್‌ಸಿಯಲ್ಲೂ ಬರೆಸಬೇಕು. ಸದ್ದು ಮಾಡುವ ಸೈಲೆನ್ಸರ್, ಕತ್ತರಿಸಿದ ಮಡ್‌ಗಾರ್ಡ್ ಇಂಥ ಅವತಾರಗಳು ಕಾನೂನಿಗೂ ಆಗುವುದಿಲ್ಲ, ತಪಾಸಣೆಯಲ್ಲೂ ಪಾಸಾಗುವುದಿಲ್ಲ.

ಓಡಿಸಲು ಕಲಿಯುವುದು

ರಸ್ತೆಗಿಳಿಯುವ ಮೊದಲು ಇನ್ಶೂರೆನ್ಸ್, ಹೊಗೆ ಪರೀಕ್ಷೆಯ ಚೀಟಿ, ನವೀಕರಿಸಿದ ಆರ್‌ಸಿ ಮೂರೂ ಇರಬೇಕು. ನಿಮಗೆ ಲರ್ನರ್ಸ್ ಲೈಸೆನ್ಸ್, ಬೈಕಿಗೆ ಎಲ್ ಫಲಕ, ಹಿಂದೆ ಲೈಸೆನ್ಸ್ ಇರುವ, ಕಿರುಚದ ಒಬ್ಬರು. ಕೇರಳದಲ್ಲಿ ಎರಡು ಚಕ್ರದ ಟೆಸ್ಟ್ ಅಂದರೆ ಎಂಟರ ಆಕಾರದಲ್ಲಿ ಕಾಲೂರದೆ ಸುತ್ತುವುದು. ಮೊದಲೆಲ್ಲ ಕೈಯಲ್ಲಿ ಗೇರ್ ಹಾಕುವ ಬಜಾಜ್ ಎಂ80 ಗಾಡಿಯಲ್ಲಿ ಎಂಟು ಹಾಕಿ ಪಾಸಾಗುತ್ತಿದ್ದರು. 2024ರಲ್ಲಿ ಅದನ್ನು ನಿಲ್ಲಿಸಿ, ಕಾಲಿನ ಗೇರ್ ಇರುವ, 95 ಸಿಸಿಗಿಂತ ಕಡಿಮೆಯಿಲ್ಲದ ಬೈಕೇ ಬೇಕು ಅಂತ ಆದೇಶ ಬಂತು. ಹಾಗಾಗಿ ಗೇರ್ ಬೈಕಿನಲ್ಲಿ ಕಲಿತದ್ದು ವ್ಯರ್ಥ ಅಲ್ಲ. ಟೆಸ್ಟಿಗೆ ಮಾತ್ರ ಹಳೆ ಬೈಕು ಕೊಂಡುಹೋಗುವ ಆಸೆ ಬಿಟ್ಟು ಡ್ರೈವಿಂಗ್ ಶಾಲೆಯದ್ದನ್ನೇ ತೆಗೆದುಕೊಳ್ಳಿ.

ಒಂದು ವಾರ ಅಂಗಳದಲ್ಲೇ ಇರಿ, ಅಡಿಕೆ ಎತ್ತಿದ ಮೇಲೆ. ಆಕ್ಸಿಲರೇಟರ್ ಮುಟ್ಟದೆ, ಬರೀ ಕ್ಲಚ್ ಬಿಟ್ಟು ಹಿಡಿದು ನಡಿಗೆಯ ವೇಗದಲ್ಲಿ ಹೋಗುವುದು ಬಂದರೆ ಅರ್ಧ ಕಲಿತ ಹಾಗೆ. ಸಿಡಿ 100ರಲ್ಲಿ ನಾಲ್ಕೂ ಗೇರ್ ಮುಂದಕ್ಕೆ ತುಳಿಯುವುದು. ಬೇರೆ ಹಲವು ಬೈಕುಗಳಲ್ಲಿ ಒಂದು ಕೆಳಗೆ, ಉಳಿದದ್ದು ಮೇಲೆ. ಗೆಳೆಯರ ಬೈಕು ಹತ್ತುವಾಗ ಇದು ಕೇಳಿಕೊಳ್ಳಿ. ನಮ್ಮ ಒಳದಾರಿಗಳಲ್ಲಿ ಮುರಕಲ್ಲಿನ ಚೂರು ಮತ್ತು ರಬ್ಬರ್ ಎಲೆ, ಎರಡರ ಮೇಲೂ ಮುಂದಿನ ಬ್ರೇಕನ್ನು ಗಬಕ್ಕನೆ ಹಿಡಿಯಬಾರದು. ಚೆರ್ಕಳ ಕಲ್ಲಡ್ಕ ರಸ್ತೆಗೆ ನಾನು ಇಳಿದದ್ದು ತಿಂಗಳ ನಂತರ, ತಲಪಾಡಿ ಕಡೆಯ ಹೈವೇಗೆ ಇನ್ನೂ ಹೋಗಿಲ್ಲ. ಡ್ರಮ್ ಬ್ರೇಕಿನ ನೂರು ಸಿಸಿ ಬೈಕಿಗೆ ಅಲ್ಲಿ ಕೆಲಸವೂ ಇಲ್ಲ.

ಮೊದಲ ನೂರು ಕಿಲೋಮೀಟರ್ ಆದ ಮೇಲೆ ಎಲ್ಲ ನಟ್ಟುಬೋಲ್ಟಿಗೆ ಮತ್ತೊಮ್ಮೆ ಸ್ಪ್ಯಾನರ್ ಹಿಡಿಯಿರಿ, ಎರಡು ಮೂರು ಸಡಿಲ ಆಗಿಯೇ ಇರುತ್ತವೆ. ಹೊಸ ಬ್ರೇಕ್ ಶೂ ಕೂತುಕೊಂಡು ಲಿವರಿನ ಸಡಿಲವೂ ಹೆಚ್ಚಿರುತ್ತದೆ, ಅಡ್ಜಸ್ಟ್ ಮಾಡಿ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿ ದಾಟಿದ ಮೇಲೆ ಬ್ರೇಕನ್ನು ಸ್ವಲ್ಪ ದೂರ ಮೆಲ್ಲಗೆ ಒತ್ತಿ ಹಿಡಿದು ಹೋದರೆ ಡ್ರಮ್ ಒಣಗುತ್ತದೆ. ನಿಲ್ಲಿಸುವಾಗ ಕೊಟ್ಟಿಗೆಯ ಒದ್ದೆ ನೆಲದ ಮೇಲೆ ಬೇಡ, ಹಲಗೆ ಹಾಕಿ. ಗೊಬ್ಬರದ ಆವಿ ಕಬ್ಬಿಣಕ್ಕೆ ಮಳೆಗಿಂತ ಕೆಟ್ಟದ್ದು.

ಕುಂಬಾರ ಹುಳು ಮತ್ತೆ ಬಾರದ ಹಾಗೆ ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕುವುದು ಒಳ್ಳೆಯದು. ಆದರೆ ಅದಕ್ಕೆ ಒಂದು ಉದ್ದ ಕೆಂಪು ದಾರ ಕಟ್ಟಿ, ಇನ್ನೊಂದು ತುದಿಯನ್ನು ಕೀ ಹಾಕುವ ಜಾಗಕ್ಕೆ ಸುತ್ತಿಡಿ. ಈ ದಾರದ ಉಪಾಯ ಮಾವನದ್ದು. ಮೊನ್ನೆ ನಾನಿಲ್ಲದಾಗ ಮೊಣಕಾಲು ನೋವನ್ನೂ ಮರೆತು ಬೈಕು ಹತ್ತಿ, ಬಟ್ಟೆ ತೆಗೆಯಲೂ ಮರೆತು, ಹದಿನೈದು ಕಿಕ್ ಹೊಡೆದವರು ಅವರೇ.